ಎರಡು ಕಡಲಿನ ನೀರು, ಒಂದು ದಿನದ ನಡಿಗೆ

ಬೆಳಗಾವಿಯಿಂದ ಚೋರ್ಲಾ ಘಾಟಿನ ದಾರಿ ಹಿಡಿದು ಗೋವಾಕ್ಕೆ ಹೊರಟವರು ಜಾಂಬೋಟಿಯಲ್ಲಿ ಚಹಾ ಕುಡಿದು, ಕಣಕುಂಬಿಯನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ದಾಟಿಬಿಡುತ್ತಾರೆ. ಗಾಡಿ ನಿಲ್ಲಿಸಿ ಗುಡಿಯ ತನಕ ನಡೆದರೆ ಮಲಪ್ರಭೆ ಹುಟ್ಟುವ ಜಾಗ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರ. ನಕಾಶೆಯಲ್ಲಿ ನೇರ ಗೆರೆ ಎಳೆದರೆ ಪಣಜಿಯ ಕಡಲು ಇಲ್ಲಿಂದ 50 ಕಿ.ಮೀ. ಆಸುಪಾಸು. ಆದರೆ ಮಲಪ್ರಭೆ ಆ ಕಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹೊರಡುತ್ತಾಳೆ. 300 ಕಿ.ಮೀ.ಗೂ ಹೆಚ್ಚು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳಕೊಲ್ಲಿ ಮುಟ್ಟುವ ಹೊತ್ತಿಗೆ ಅವಳ ನೀರು ಸಾವಿರ ಕಿ.ಮೀ. ದಾಟಿ ಬಂದಿರುತ್ತದೆ.

ಅದೇ ಕಣಕುಂಬಿಯ ಮಗ್ಗುಲಲ್ಲಿ ಕಳಸಾ ಹಳ್ಳವಿದೆ. ಅದರ ನೀರು ಮಹದಾಯಿಗೆ ಬಿದ್ದು ಪಶ್ಚಿಮಕ್ಕೆ ಇಳಿಯುತ್ತದೆ. ಮಹದಾಯಿಯ ಇಡೀ ಉದ್ದವೇ 80 ಕಿ.ಮೀ. ಆಚೀಚೆ. ಬೆಳಿಗ್ಗೆ ಒಂದು ನೀರಿನಲ್ಲಿ ಮುಖ ತೊಳೆದು ನಡೆಯುತ್ತ ಹೊರಟವರು ಬಿಸಿಲೇರುವುದರೊಳಗೆ ಇನ್ನೊಂದು ಸಮುದ್ರದ ನೀರಿಗೆ ಕಾಲಿಡಬಹುದು. ನರಗುಂದ, ನವಲಗುಂದದ ರೈತರು ವರ್ಷಗಟ್ಟಲೆ ಹೋರಾಡಿದ್ದೂ ಈ ಇಷ್ಟಗಲದ ಏಣಿನ ಆಚೆಯ ನೀರಿಗಾಗಿಯೇ. 2018ರ ಆಗಸ್ಟ್‌ನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಕಳಸಾದಿಂದ 1.72, ಬಂಡೂರಿ ಹಳ್ಳದಿಂದ 2.18 ಟಿಎಂಸಿ ನೀರನ್ನು ಮಲಪ್ರಭೆಗೆ ತಿರುಗಿಸಲು ಒಪ್ಪಿತು. ಕೇಳಲು ಸಣ್ಣ ಅಂಕಿಗಳು. ಒಂದು ಟಿಎಂಸಿ ಎಂದರೆ 2,831 ಕೋಟಿ ಲೀಟರ್.

ಇಷ್ಟು ನೀರು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಅಮಗಾಂವದ ಲೆಕ್ಕ ನೋಡಬೇಕು. ಖಾನಾಪುರ ತಾಲೂಕಿನ ಈ ಕಾಡಂಚಿನ ಪುಟ್ಟ ಹಳ್ಳಿಯಲ್ಲಿ 2010ರಲ್ಲಿ ದಾಖಲಾದ ಮಳೆ 10,068 ಮಿಲಿಮೀಟರ್. ಹತ್ತು ಮೀಟರ್! ಬಿದ್ದದ್ದು ಬಿದ್ದಲ್ಲೇ ನಿಂತಿದ್ದರೆ ಮೂರು ಅಂತಸ್ತಿನ ಮನೆ ಮುಳುಗುತ್ತಿತ್ತು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ನೆಲದ ಮೇಲೆ, ಎಂದರೆ ಒಬ್ಬ ಮನುಷ್ಯ ಛತ್ರಿ ಬಿಡಿಸಿ ನಿಲ್ಲುವಷ್ಟು ಜಾಗದ ಮೇಲೆ, ಹತ್ತು ಸಾವಿರ ಲೀಟರ್ ಸುರಿದಿದೆ. ಬೆಂಗಳೂರಿಗೆ ಅಷ್ಟು ಮಳೆ ಆಗಲು ಹತ್ತು ವರ್ಷ ಬೇಕು. ಇದೇ ಜಿಲ್ಲೆಯ ಸವದತ್ತಿ ಕಡೆಯ ಎರೆಹೊಲಗಳು ಕಾಣುವ ಮಳೆಯಂತೂ ಇದರ ಹತ್ತನೇ ಒಂದು ಪಾಲನ್ನೂ ಮುಟ್ಟುವುದಿಲ್ಲ. ಅರಬ್ಬಿ ಸಮುದ್ರದ ಗಾಳಿ ಗೋವಾದ ತಗ್ಗಿನಿಂದ ಈ ಗೋಡೆಗೆ ಹಾಯ್ದು, ಮೇಲೇರುತ್ತ ತಣ್ಣಗಾಗಿ, ಹೊತ್ತದ್ದನ್ನೆಲ್ಲ ಇಲ್ಲೇ ಚೆಲ್ಲುತ್ತದೆ. ಪೂರ್ವಕ್ಕೆ ಹೋಗುವುದು ಉಳಿದ ಗಾಳಿ. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟು ಹಿಡಿಯುವ 37 ಟಿಎಂಸಿಯ ಬಹುಪಾಲು ಆ ಬಯಲಿನದಲ್ಲ, ಈ ಅಂಚಿನದು.

ಈ ಅಂಚಿನ ಕಾಡು ಭೀಮಗಡ ವನ್ಯಜೀವಿಧಾಮವೆಂದು ಘೋಷಣೆಯಾದದ್ದು 2011ರಲ್ಲಿ. ವಿಸ್ತೀರ್ಣ 190 ಚದರ ಕಿ.ಮೀ. ಶಿವಾಜಿಯ ಕೋಟೆಯ ಹೆಸರನ್ನೇ ಹೊತ್ತಿರುವ ಈ ಕಾಡಿನಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸುವ ಅಂಕಿ ಮಾತ್ರ ತೀರ ಚಿಕ್ಕದು: ಒಂದು. ತಳೇವಾಡಿ ಹತ್ತಿರದ ಬಾರಾಪೇಡೆ ಗವಿಯಲ್ಲಿ ಚಾಕೊಲೇಟ್ ಬಣ್ಣದ ಮೈ, ಮುಖಕ್ಕಿಂತ ದೊಡ್ಡದಾಗಿ ಕಾಣುವ, ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡ ಕಿವಿಗಳಿರುವ ಬಾವಲಿ ಬದುಕುತ್ತದೆ. ರಾಟನ್ ಬಾವಲಿ ಎಂದು ಅದಕ್ಕೆ ಹೆಸರು. 1913ರಲ್ಲಿ ವಿಜ್ಞಾನ ಅದನ್ನು ಗುರುತಿಸಿದ ಮೇಲೆ 80 ವರ್ಷಕ್ಕೂ ಹೆಚ್ಚು ಕಾಲ ಇಡೀ ಭೂಮಿಯಲ್ಲಿ ಗೊತ್ತಿದ್ದ ಅದರ ವಿಳಾಸ ಈ ಒಂದೇ ಗವಿ. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಒಂದಿಷ್ಟು ಸಿಕ್ಕವು. ಗವಿಯೊಳಗೆ ಹೋಗುವ ಆಸೆ ಯಾರಿಗೂ ಬೇಡ. ಟಾರ್ಚಿನ ಬೆಳಕು, ಮನುಷ್ಯರ ಗದ್ದಲ ಅವುಗಳಿಗೆ ಆಗದು.

ಈ ಕಾಡಿನಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬ್ಯಾಗು, ಬೂಟು ಕಟ್ಟಿಕೊಂಡು ಬಂದವರು ತುಳಿಯುವ ಕಾಲುದಾರಿಗಳು ಎಷ್ಟೋ ಕಡೆ ಗವಾಳಿ, ದೇಗಾಂವ, ಅಮಗಾಂವದವರ ದಿನನಿತ್ಯದ ರಸ್ತೆ. ಸಂತೆಗೂ ಅದೇ, ದವಾಖಾನೆಗೂ ಅದೇ. ಆ ಹತ್ತು ಮೀಟರ್ ಮಳೆ ಸುರಿಯುವ ತಿಂಗಳುಗಳಲ್ಲಿ ಹಳ್ಳಗಳು ತುಂಬಿದಾಗ ಕಟ್ಟಿಗೆಯ ಕಾಲುಸಂಕವೇ ಗತಿ. ಕಾಯಿಲೆ ಬಿದ್ದವರನ್ನು ಬೊಂಬಿಗೆ ಕಟ್ಟಿ ಹೆಗಲ ಮೇಲೆ ಹೊತ್ತು, ಜಿಗಣೆ ಹತ್ತಿದ ಕಾಲುಗಳಲ್ಲೇ ಕಿಲೋಮೀಟರುಗಟ್ಟಲೆ ನಡೆದು, ಆಂಬುಲೆನ್ಸ್ ಬರುವ ರಸ್ತೆಗೆ ತರುತ್ತಾರೆ.