ಮುಚ್ಚಿಟ್ಟ ಬೆಲೆ

ಹರಾಜೆಂದೊಡನೆ ‘ಒಂದು ಸಾರಿ, ಎರಡು ಸಾರಿ’ ಎಂಬ ಕೂಗು ನೆನಪಾಗುತ್ತದೆ. ಅಂತರಜಾಲದ ಹರಾಜಿನಲ್ಲಿ ಕೂಗಿಲ್ಲ, ಎರಡು ಗುಟ್ಟುಗಳಿವೆ. ಇದಕ್ಕಿಂತ ಕಡಮೆಗೆ ಕೊಡೆನೆಂದು ಮಾರುವವನು ಮುಚ್ಚಿಟ್ಟ ಮೀಸಲು ಬೆಲೆ ಒಂದು; ಇದಕ್ಕಿಂತ ಹೆಚ್ಚು ತೆರಲಾರೆನೆಂದು ಕೊಳ್ಳುವವನು ಒಪ್ಪಿಸಿದ ಗರಿಷ್ಠ ಬೆಲೆ ಇನ್ನೊಂದು.

1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಈಬೇಯ ಕ್ರಮವನ್ನು ನೋಡೋಣ. ಹಳೆಯ ಗ್ರಂಥವೊಂದಕ್ಕೆ ನಾನು 100 ಡಾಲರ್ ಗರಿಷ್ಠವೆಂದು ಬರೆದೆನೆನ್ನಿ. ಎದುರಾಳಿಯ ಮಿತಿ 60 ಆದರೆ, ಯಂತ್ರವು ನನ್ನ ಪರವಾಗಿ ಅದಕ್ಕಿಂತ ಒಂದು ಮೆಟ್ಟಿಲಷ್ಟೇ ಮೇಲೇರಿ ನಿಲ್ಲುತ್ತದೆ. ಮೀಸಲು ಬೆಲೆ 80 ಇದ್ದರೆ ನೇರವಾಗಿ 80ಕ್ಕೆ ಏರುತ್ತದೆ. 120 ಇದ್ದರೆ ಮಾರುವವನು ಕೊಡಬೇಕಾದುದಿಲ್ಲ. ಹೀಗಾಗಿ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನು ಬರೆಯುವುದೇ ಜಾಣತನ. ಈ ತತ್ತ್ವವನ್ನು 1961ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ವಿಶದಪಡಿಸಿದರು.

ಆದರೆ ಕವಿಯೊಬ್ಬನು ಇದನ್ನು ಮೊದಲೇ ಕಂಡಿದ್ದನು. 1797ರಲ್ಲಿ ಜರ್ಮನ್ ಮಹಾಕವಿ ಗಯಟೆ ತನ್ನ ‘ಹೆರ್ಮನ್ ಮತ್ತು ಡೊರೊತೆಯ’ ಕಾವ್ಯದ ಬೆಲೆಯನ್ನು ಚೀಟಿಯಲ್ಲಿ ಬರೆದು, ಮುದ್ರೆಯೊತ್ತಿ, ಮಧ್ಯವರ್ತಿ ಬ್ಯೋಟಿಗರನ ಕೈಗಿತ್ತನು. ಪ್ರಕಾಶಕ ಫೀವೆಗ್ ಅದಕ್ಕಿಂತ ಕಡಮೆ ಹೇಳಿದರೆ ವ್ಯವಹಾರವಿಲ್ಲ. ಹೆಚ್ಚು ಹೇಳಿದರೂ ತೆರಬೇಕಾದುದು ಚೀಟಿಯಲ್ಲಿದ್ದಷ್ಟೇ. ಪ್ರಕಾಶಕನು ಕಾವ್ಯಕ್ಕೆ ಕಟ್ಟುವ ನಿಜವಾದ ಬೆಲೆ ಹೀಗೆ ಹೊರಬೀಳಬೇಕಾಗಿತ್ತು. ಬ್ಯೋಟಿಗರನು ಗುಟ್ಟನ್ನು ಬಿಟ್ಟುಕೊಟ್ಟನು. ಫೀವೆಗ್ ಸರಿಯಾಗಿ ಚೀಟಿಯಲ್ಲಿದ್ದ 1,000 ಟಾಲರನ್ನೇ ಹೇಳಿದನು. ಕವಿಗೆ ಹಣ ದೊರೆಯಿತು. ಪ್ರಕಾಶಕನ ಮನಸ್ಸು ತಿಳಿಯಲಿಲ್ಲ.

ಇಂದು ಆ ಲಕೋಟೆ ಯಂತ್ರದ ವಶದಲ್ಲಿದೆ. ಮಾರುವವನೇ ಬೇರೊಂದು ಹೆಸರಿನಲ್ಲಿ ಬೆಲೆಯೇರಿಸಿ ಕೊಳ್ಳುವವನ ಮಿತಿಯನ್ನು ಕೆಣಕುವುದೂ ಉಂಟು. ಈಬೇ ಅದನ್ನು ನಿಷೇಧಿಸಿದೆ. ಗುಟ್ಟನ್ನು ಕಾಯುವವರು ನಂಬಿಕಸ್ತರಾಗಿರುವವರೆಗೆ ಮಾತ್ರ, ನಿಜವನ್ನು ಬರೆದುಕೊಟ್ಟವನಿಗೆ ನಷ್ಟವಿಲ್ಲ.