ಗೋತ್ರ, ಸೋದರಸಂಬಂಧ ಮತ್ತು ಒಂದು ಕಿಣ್ವದ ವಂಶವಾಹಿ

ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಗೊಳಿಸಲು ಬಳಸುವ ಸಕ್ಸಿನಿಲ್‌ಕೋಲೀನ್ ಔಷಧದ ಪ್ರಭಾವ ಸಾಮಾನ್ಯವಾಗಿ ಕೆಲವೇ ನಿಮಿಷಗಳದು. ರಕ್ತದಲ್ಲಿರುವ ಬ್ಯೂಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ಬೇಗನೆ ಒಡೆದುಹಾಕುತ್ತದೆ. ಈ ಕಿಣ್ವ ಕೆಲಸ ಮಾಡದವರಲ್ಲಿ ಅದೇ ಔಷಧ ಉಸಿರಾಟದ ಸ್ನಾಯುಗಳನ್ನು ಗಂಟೆಗಟ್ಟಲೆ ಕಟ್ಟಿಹಾಕುತ್ತದೆ. ಕೃತಕ ಉಸಿರಾಟ ಒದಗದಿದ್ದರೆ ಪ್ರಾಣಕ್ಕೇ ಸಂಚಕಾರ. ಉಳಿದಂತೆ ಅಂಥವರು ಆರೋಗ್ಯವಂತರೇ.

1987ರಲ್ಲಿ ಈ ಕಿಣ್ವದ ಪೂರಕ ಡಿ.ಎನ್.ಎ.ಯನ್ನು ತದ್ರೂಪುಗೊಳಿಸಿದ ವರದಿಗಳು ಪ್ರಕಟವಾದವು. ಗುರುತು ಹಚ್ಚಿದ ತದ್ರೂಪಿನ ತುಣುಕು ವರ್ಣತಂತುಗಳಲ್ಲಿ ಎಲ್ಲಿ ಕೂಡಿಕೊಳ್ಳುತ್ತದೆಂದು ನೋಡಿ ನೆಲೆಯನ್ನು ಗುರುತಿಸುವುದು ವಿಧಾನ. ಮೊದಮೊದಲು 3ನೆಯ ವರ್ಣತಂತುವಿನ ಜೊತೆಗೆ 16ನೆಯದರಲ್ಲಿಯೂ ನೆಲೆಯಿರುವಂತೆ ಕಂಡಿತ್ತು. 1991ರ ಅಧ್ಯಯನವು 3ನೆಯ ವರ್ಣತಂತುವಿನ ದೀರ್ಘಬಾಹುವಿನ ಎರಡನೆಯ ವಲಯದ ಆರನೆಯ ಪಟ್ಟಿಯೊಂದೇ ಅದರ ನೆಲೆಯೆಂದು ನಿರ್ಣಯಿಸಿತು.

ಈ ನಕಾಶೆ ಜಾನಪದ ಅಧ್ಯಯನಕ್ಕೆ ಮುಖ್ಯವಾಗುವುದು ವೈಶ್ಯ ಸಮುದಾಯದ ಸಂದರ್ಭದಲ್ಲಿ. ಕಿಣ್ವದ 307ನೆಯ ಸ್ಥಾನದಲ್ಲಿ ಲ್ಯೂಸೀನ್ ಬದಲು ಪ್ರೊಲೀನ್ ಬರುವ ವ್ಯತ್ಯಯವನ್ನು ಈ ಸಮುದಾಯದಲ್ಲಿ ಗುರುತಿಸಿದ ಸಂಶೋಧನೆ 2006ರಲ್ಲಿ ಪ್ರಕಟವಾಯಿತು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಆರ್. ಭೂಪತಿಯವರು ಅದರಲ್ಲಿ ಪಾಲ್ಗೊಂಡಿದ್ದರು. ತಂದೆ ತಾಯಿ ಇಬ್ಬರಿಂದಲೂ ಈ ವ್ಯತ್ಯಯ ಬಂದರೆ ಮಾತ್ರ ಕೊರತೆ ಪೂರ್ಣವಾಗುತ್ತದೆ. ಸಗೋತ್ರ ವಿವಾಹದ ನಿಷೇಧ ಇದನ್ನು ತಡೆಯಬೇಕಿತ್ತಲ್ಲವೆ ಎಂಬ ಪ್ರಶ್ನೆ ಸಹಜ. ಆದರೆ ಗೋತ್ರ ಲೆಕ್ಕವಿಡುವುದು ತಂದೆಯ ಸಾಲನ್ನು ಮಾತ್ರ. ಸೋದರಮಾವನ ಮಗಳ ಗೋತ್ರ ಬೇರೆ; ರಕ್ತಸಂಬಂಧವೋ ಅತಿ ಹತ್ತಿರದ್ದು. ತೆಲುಗಿನಲ್ಲಿ ಮೇನರಿಕಂ ಎನ್ನುವ ಈ ವಿವಾಹಕ್ಕೆ ಸಮುದಾಯದಲ್ಲಿ ಹಿಂದಿನಿಂದಲೂ ಮಾನ್ಯತೆಯಿತ್ತು.

ಪೆನುಗೊಂಡೆಯ ವಾಸವಿಯ ಕಥನವೂ ಇಲ್ಲಿ ನೆನಪಾಗುತ್ತದೆ. ಹೊರಗಿನ ಅರಸನಿಗೆ ಹೆಣ್ಣು ಕೊಡಲೊಪ್ಪದೆ ವಾಸವಿಯೊಡನೆ 102 ಗೋತ್ರದವರು ಅಗ್ನಿಪ್ರವೇಶ ಮಾಡಿದರೆಂಬುದು ಐತಿಹ್ಯ. 2009ರ ತಳಿವಿಜ್ಞಾನದ ಅಧ್ಯಯನವೊಂದು, ಈ ಸಮುದಾಯವು ನೂರಕ್ಕೂ ಹೆಚ್ಚು ತಲೆಮಾರುಗಳ ಹಿಂದೆ ಸಣ್ಣ ಗುಂಪಾಗಿ ಕುಗ್ಗಿ, ಅನಂತರ ಬಹುಮಟ್ಟಿಗೆ ತನ್ನೊಳಗೇ ವಿವಾಹ ನಡೆಸಿತೆಂದು ಸೂಚಿಸಿತು. ಐತಿಹ್ಯವನ್ನು ಈ ಘಟನೆಯ ನೇರ ದಾಖಲೆಯೆಂದು ಓದುವುದು ಅವಸರದ ಕೆಲಸ. ಅದು ಕಾಪಿಟ್ಟಿರುವುದು ಒಳವಿವಾಹದ ಮೌಲ್ಯವನ್ನು, ಘಟನೆಯ ಕಾಲವನ್ನಲ್ಲ. ವ್ಯತ್ಯಯವನ್ನು ಸಮುದಾಯದ ದೋಷವೆನ್ನುವುದೂ ಅಷ್ಟೇ ಅಸಂಗತ. ಒಳವಿವಾಹದ ಬೇರೆ ಅನೇಕ ಸಮುದಾಯಗಳಲ್ಲಿ ಬೇರೆ ಬೇರೆ ವ್ಯತ್ಯಯಗಳಿವೆ.

ಅರಿವಳಿಕೆ ತಜ್ಞರಿಗೆ ಬೇಕಾದ ಸುಳಿವು ಎಷ್ಟೋ ವೇಳೆ ಮನೆಯ ಹಿರಿಯರ ನೆನಪಿನಲ್ಲೇ ಇರುತ್ತದೆ: ಬಂಧುಗಳಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯ ನಂತರ ಉಸಿರಾಟ ಮರಳಲು ತಡವಾಗಿತ್ತೆ? ಮಾರತ್ತಹಳ್ಳಿಯಂಥ ಕಡೆ, ಉದ್ಯೋಗಕ್ಕಾಗಿ ಬಂದ ಸಣ್ಣ ಕುಟುಂಬಗಳಲ್ಲಿ, ಇದಕ್ಕೆ ಉತ್ತರಿಸಬಲ್ಲ ಅಜ್ಜಿ ಮನೆಯಲ್ಲಿರುವುದಿಲ್ಲ. ರಕ್ತಪರೀಕ್ಷೆಯಿಂದ ಕೊರತೆಯನ್ನು ಮೊದಲೇ ಪತ್ತೆಹಚ್ಚಬಹುದು. ಬದಲಿ ಔಷಧಗಳೂ ಇವೆ.