ನಿಮಗಿದು ಗೊತ್ತೆ? ಗಡಿ ದಾಟಿದರೂ ದಂಡ ಬೆನ್ನು ಬಿಡದು!

ನ್ಯೂಜೆರ್ಸಿಯ ಕನ್ನಡಿಗರೊಬ್ಬರು ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ಗುಡಿಗೆ ಕಾರಿನಲ್ಲಿ ಹೊರಟರು ಎನ್ನಿ. ದಾರಿಯಲ್ಲಿ, ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ, ಅತಿವೇಗಕ್ಕೆ ಟಿಕೆಟ್ ಬಿತ್ತು. ‘ಬೇರೆ ರಾಜ್ಯ ತಾನೆ, ಯಾರು ಹುಡುಕಿಕೊಂಡು ಬರ್ತಾರೆ?’ ಎಂದು ಅದನ್ನು ಕಾರಿನ ಖಾನೆಗೆ ತುರುಕಿ ಮರೆತರೆ?

● ಅಮೆರಿಕದಲ್ಲಿ ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಹಿಂದೆ ಹೊರರಾಜ್ಯದವರು ಸಿಕ್ಕಿಬಿದ್ದರೆ ಎಷ್ಟೋ ಕಡೆ ಆಗಲೇ ಜಾಮೀನು ಹಣ ಕಟ್ಟಬೇಕಿತ್ತು, ಇಲ್ಲವೇ ನ್ಯಾಯಾಧೀಶರ ಮುಂದೆ ನಿಲ್ಲಬೇಕಿತ್ತು.

● ಈ ತಾಪತ್ರಯ ತಪ್ಪಿಸಿದ್ದು 1977ರ ‘ನಾನ್‌ರೆಸಿಡೆಂಟ್ ವಯೊಲೇಟರ್ ಕಾಂಪ್ಯಾಕ್ಟ್’ ಎಂಬ ಅಂತರರಾಜ್ಯ ಒಪ್ಪಂದ. ಬಹುಪಾಲು ರಾಜ್ಯಗಳು ಇದರಲ್ಲಿವೆ. ಕ್ಯಾಲಿಫೋರ್ನಿಯಾ, ಮಿಷಿಗನ್‌ನಂಥ ಕೆಲವು ಹೊರಗುಳಿದಿವೆ.

● ದಂಡ ಕಟ್ಟದೆ, ಕೋರ್ಟಿಗೂ ಹೋಗದೆ ಸುಮ್ಮನಿದ್ದರೆ ಟಿಕೆಟ್ ಕೊಟ್ಟ ರಾಜ್ಯವು ಚಾಲಕರ ಸ್ವಂತ ರಾಜ್ಯಕ್ಕೆ ವರದಿ ಕಳಿಸುತ್ತದೆ. ಅಲ್ಲಿಂದ ನೋಟಿಸ್ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ, ಬಾಕಿ ತೀರುವವರೆಗೆ ಲೈಸೆನ್ಸ್ ಅಮಾನತು!

● ಮನೆ ಬದಲಿಸಿದವರಿಗೆ ನೋಟಿಸ್ ತಲುಪದೇ ಇರಬಹುದು. ಗೊತ್ತಿಲ್ಲದೆ ಅಮಾನತಾದ ಲೈಸೆನ್ಸಿನಲ್ಲೇ ಓಡಾಡಿ ಸಿಕ್ಕಿಬಿದ್ದರೆ ಮತ್ತೊಂದು ಕೇಸು ಮೈಮೇಲೆ.

● ಬೇರೆ ರಾಜ್ಯಕ್ಕೆ ಹೋಗಿ ಹೊಸ ಲೈಸೆನ್ಸ್ ಪಡೆಯೋಣವೆಂದರೆ ಅದೂ ಕಷ್ಟ. ಅಮಾನತಾದವರ ಹೆಸರು ‘ನ್ಯಾಷನಲ್ ಡ್ರೈವರ್ ರಿಜಿಸ್ಟರ್’ನಲ್ಲಿರುತ್ತದೆ. ಲೈಸೆನ್ಸ್ ಕೊಡುವ ಮುನ್ನ ರಾಜ್ಯಗಳು ಅದನ್ನು ನೋಡುತ್ತವೆ.

● ಪಾರ್ಕಿಂಗ್ ದಂಡ ಈ ಒಪ್ಪಂದಕ್ಕೆ ಸೇರಿಲ್ಲ. ಹಾಗೆಂದು ಅದು ಮಾಫಿ ಅಲ್ಲ, ಬಾಕಿ ಬಾಕಿಯೇ!